ತಿರಾಂದೋ

ಮಂಗಳವಾರದಿಂದ ಆ ಮಾತು ಕಿವಿಯಲ್ಲಿ ಕುಳಿತುಬಿಟ್ಟಿದೆ. ಮ್ಯಾಡ್ರಿಡ್‌ನ ನಮ್ಮ ಕಟ್ಟಡಕ್ಕೆ ಒಬ್ಬ ಹಿರಿಯ ಪೋರ್ತೆರೋ ಇದ್ದಾರೆ. ಬಾಗಿಲು ಕಾಯುವುದು, ಮೆಟ್ಟಿಲು ಒರೆಸುವುದು ಎಲ್ಲ ಅವರದೇ. ಕಚೇರಿಗೆ ಹೊರಟವ ಎಂದಿನಂತೆ “ಓಲಾ, ಕೆ ತಾಲ್?” ಎಂದೆ, ‘ನಮಸ್ಕಾರ, ಹೇಗಿದ್ದೀರಿ’ ಎಂದು. “ಆಕಿ, ತಿರಾಂದೋ” ಎಂದರು. “ಮೆ ಆಲೆಗ್ರೋ” ಎಂದು ಬೀದಿಗಿಳಿದೆ.

ಮೆಟ್ರೋದಲ್ಲಿ ಕುಳಿತ ಮೇಲೆ ಎದೆ ಧಸಕ್ಕೆಂದಿತು. ಸ್ಪ್ಯಾನಿಷ್‌ನಲ್ಲಿ ‘ತಿರಾರ್’ ಎಂದರೆ ಎಳೆಯುವುದು. ನಮ್ಮ ಗಾಜಿನ ಬಾಗಿಲ ಹೊರಮೈಯಲ್ಲೇ ಆ ಪದವಿದೆ, ಕೊನೆಯ ಅಕ್ಷರ ಅರ್ಧ ಸವೆದಿದೆ. ಅವರು ಹೇಳಿದ್ದು ‘ಹೇಗೋ ಎಳೆಯುತ್ತಿದ್ದೇನೆ’ ಎಂದು. ನಾನು ಹೇಳಿದ್ದು ‘ಸಂತೋಷ’ ಎಂದು! ಕೆ ತಾಲ್, ಬಿಯೆನ್ (ಚೆನ್ನಾಗಿದ್ದೇನೆ), ಮೆ ಆಲೆಗ್ರೋ: ತರಗತಿಯಲ್ಲಿ ಬಾಯಿಪಾಠ ಮಾಡಿಸಿದ ಸರಪಳಿ. ನಡುವಿನ ಕೊಂಡಿ ಬದಲಾದದ್ದು ನನಗೆ ಕೇಳಿಸಲೇ ಇಲ್ಲ. ಅದಕ್ಕೂ ಅವರು “ಗ್ರಾಥಿಯಾಸ್” ಎಂದಿದ್ದರು, ಧನ್ಯವಾದ ಎಂದು.

ಬಂದ ಹೊಸದರಲ್ಲಿ ಒಮ್ಮೆ ಹನ್ನೆರಡೂವರೆಗೆ ಅವರಿಗೆ ‘ಬುಯೆನಾಸ್ ತಾರ್ದೆಸ್’ ಎಂದಿದ್ದೆ, ಮಧ್ಯಾಹ್ನದ ನಮಸ್ಕಾರ. “ಊಟ ಆಯಿತೇ?” ಎಂದು ಕೇಳಿದರು. ಇಲ್ಲ ಎಂದೆ. “ಹಾಗಾದರೆ ಇನ್ನೂ ಬುಯೆನೋಸ್ ದಿಯಾಸ್” ಎಂದರು, ಅಂದರೆ ಬೆಳಗಿನ ನಮಸ್ಕಾರ. ಇಲ್ಲಿ ಊಟ ಎರಡರ ಮೇಲೆ, ಬೆಳಗು ಅಲ್ಲಿಯವರೆಗೂ ಸಾಗುತ್ತದೆ. ಊಟವಾಯಿತೇ ಎಂದು ಈ ಊರಿನಲ್ಲಿ ನನ್ನನ್ನು ಮೊದಲು ಕೇಳಿದವರು ಅವರು. ಅಂಥವರಿಗೆ ನಾನು ಹಾಗೆಂದೆನಲ್ಲ!

‘ಕೆ ತಾಲ್’ ಪ್ರಶ್ನೆಯೇ ಅಲ್ಲ, ಉತ್ತರದ ಗೋಜಿಗೆ ಹೋಗಬೇಡ ಎನ್ನುತ್ತಾನೆ ಕಚೇರಿಯ ಗೆಳೆಯ. ಕೇಳುತ್ತಲೇ ನಮ್ಮನ್ನು ದಾಟಿ ಹೋಗಿಬಿಡುತ್ತಾನೆ. ಒಳ್ಳೆಯವನೇ, ಆದರೆ ಇದೊಂದು ನನಗೆ ಸೇರುವುದಿಲ್ಲ. ಊರಲ್ಲಿ ಯಾರಾದರೂ ಹೇಗಿದ್ದೀರಿ ಎಂದರೆ ಅಜ್ಜಿ ‘ಹೀಗೇ ದಿನ ದೂಡುತ್ತಿದ್ದೇನೆ’ ಎನ್ನುತ್ತಿದ್ದಳು. ಕೇಳಿದವರು ಚಪ್ಪಲಿ ಬಿಟ್ಟು ಜಗಲಿಯ ಮೇಲೆ ಕೂರುತ್ತಿದ್ದರು. ಅಜ್ಜಿ ದೂಡುತ್ತಿದ್ದುದನ್ನೇ ಇವರು ಎಳೆಯುತ್ತಿದ್ದಾರೆ. ನಾನು ಮಾತ್ರ ಕೂರಲಿಲ್ಲ.

ಗುರುವಾರ ಹತ್ತು ನಿಮಿಷ ಮೊದಲೇ ಇಳಿದೆ. “ಕೋಮೋ ಎಸ್ತಾ ಉಸ್ತೆದ್?”, ಹೇಗಿದ್ದೀರಿ ಎಂದು, ನಮ್ಮ ‘ನೀವು’ ಇದ್ದಂತಿರುವ ‘ಉಸ್ತೆದ್’ ಸೇರಿಸಿ ಕೇಳಿ, ಅಲ್ಲೇ ನಿಂತೆ. ಅವರು ನನ್ನನ್ನೊಮ್ಮೆ ನೋಡಿ, ನೆಲ ಒರೆಸುವ ಕೋಲನ್ನು ಗೋಡೆಗೆ ಒರಗಿಸಿದರು. ಬಲಗೈ ತಾನಾಗಿ ಮಂಡಿಯ ಮೇಲೆ ಹೋಯಿತು. ನಾಲ್ಕನೆಯ ಮಹಡಿ ಮುಟ್ಟುವಷ್ಟರಲ್ಲಿ ಕಾಲು ಮಡಚಲಾಗುವುದಿಲ್ಲವಂತೆ. ಉಳಿದದ್ದು ನನಗೆ ಅರ್ಧವೇ ತಿಳಿಯಿತು.

“ಇ ಉಸ್ತೆದ್?” ಎಂದರು, ಮತ್ತೆ ನೀವು ಎಂದು.

‘ಬಿಯೆನ್’ ನಾಲಿಗೆಯ ತುದಿಗೆ ಬಂದಿತ್ತು. ತಡೆದುಕೊಂಡು, ಊರಲ್ಲಿ ಅಮ್ಮನಿಗೂ ಮಂಡಿನೋವು, ನೋಡಿ ವರ್ಷವಾಯಿತು ಎಂದೆ. ಅವರು ಮೆಟ್ಟಿಲ ಮೇಲೆ ಕುಳಿತು, ಅಮ್ಮನ ಹೆಸರೇನು ಎಂದು ಕೇಳಿದರು.