ಎರಡು ಕಲ್ಲಿನ ನಡುವೆ ಒಂದು ರಿಬ್ಬನ್

"ನ್ಯೂಟ್ರಲಲ್ಲಿ ಇಳೀತಾ ಇದ್ದೀರಾ ಮಾರಾಯ್ರೆ?"

ಭಾನುವಾರದಿಂದ ಈ ಮಾತು ಕಿವಿಯಲ್ಲೇ ಇದೆ. ಅಡುಗೆ ಮನೆಯಲ್ಲಿ ನಿಂತರೂ, ಮಣಿಪಾಲದ ಬಸ್ಸಿನಲ್ಲಿ ಕೂತರೂ ಅದೇ ಧ್ವನಿ. ಕೇಳಿದವರು ಆಗುಂಬೆ ಘಾಟಿಯ ಒಬ್ಬ ಮಿನಿ ಬಸ್ ಡ್ರೈವರ್. ಬೈದ ಹಾಗಿರಲಿಲ್ಲ. ಹಿರಿಯರು ಮಗುವಿನ ಹಣೆ ಮುಟ್ಟಿ "ಜ್ವರ ಉಂಟಾ?" ಅಂತ ಕೇಳಿದ ಹಾಗಿತ್ತು.

ತೀರ್ಥಹಳ್ಳಿಯಲ್ಲಿ ಸೀಮಂತದ ಊಟ ಮುಗಿಸಿ ಉಡುಪಿಗೆ ಹೊರಟಿದ್ದೆವು. ಭಾವ ಓಡಿಸುತ್ತಿದ್ದರು, ಅಕ್ಕ ಮುಂದೆ, ನಾನು ಅಮ್ಮ ಹಿಂದೆ. ಮಳೆ ಬಿಟ್ಟಿತ್ತು, ಮಂಜು ಬಿಟ್ಟಿರಲಿಲ್ಲ. ಭಾವ ಅವಸರದ ಮನುಷ್ಯ ಅಲ್ಲ. ಆದರೆ ಇಳಿಜಾರು ಸಿಕ್ಕಿದ ಕೂಡಲೇ ಗೇರ್ ತೆಗೆದು ನ್ಯೂಟ್ರಲ್ ಮಾಡುತ್ತಾರೆ. ಪೆಟ್ರೋಲ್ ಉಳಿಯುತ್ತದೆ ಅಂತ ಅವರ ನಂಬಿಕೆ.

ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವಾಗ 14 ಹೇರ್‌ಪಿನ್ ತಿರುವು. ಅರ್ಧ ದಾಟಿರಬೇಕು, ಏನೋ ಸುಟ್ಟ ವಾಸನೆ ಬಂತು. ಅಮ್ಮ ಸೆರಗು ಮೂಗಿಗೆ ಹಿಡಿದರು. ಮುಂದಿನ ತಿರುವಿನಲ್ಲಿ ಭಾವ ಬ್ರೇಕ್ ಒತ್ತಿದರು. ಪೆಡಲ್ ಒಳಗೆ ಹೋಯಿತು, ಕಾರು ನಿಲ್ಲಲಿಲ್ಲ. ಮತ್ತೆ ಮತ್ತೆ ಒತ್ತಿ, ಹ್ಯಾಂಡ್ ಬ್ರೇಕ್ ಎಳೆದ ಮೇಲೆ ನಿಂತಿತು. ಯಾರೂ ಮಾತಾಡಲಿಲ್ಲ.

ನಾನು ಎಡಕ್ಕೆ ನೋಡಿದೆ. ಅಲ್ಲಿ ತಡೆಗೋಡೆ ಇರಬೇಕಿತ್ತು. ಕುಸಿದು ಹೋಗಿತ್ತು. ಆ ಜಾಗದಲ್ಲಿ ಎರಡು ಕಲ್ಲು, ನಡುವೆ ಕೆಂಪು ಬಿಳಿ ಪ್ಲಾಸ್ಟಿಕ್ ರಿಬ್ಬನ್. ಗಾಳಿಗೆ ಪಟಪಟ ಅನ್ನುತ್ತಿತ್ತು. ಅದರಾಚೆ ಮರಗಳ ತುದಿ ಮಾತ್ರ ಕಾಣುತ್ತಿತ್ತು. ನನ್ನ ಕಿಟಕಿಗೂ ರಿಬ್ಬನ್ನಿಗೂ ಒಂದು ಮಾರು ದೂರ.

ಆಗ ಕೆಳಗಿನ ಅಗಲ ಜಾಗದಲ್ಲಿ ಕಾಯುತ್ತಿದ್ದ ಮಿನಿ ಬಸ್ ನಿಧಾನಕ್ಕೆ ಹತ್ತಿರ ಬಂತು. ನಮ್ಮ ಲೈಟ್ ಮಂಜಿನಲ್ಲಿ ಕಂಡದ್ದೇ ಅವರು ನಿಂತಿದ್ದರಂತೆ. ಇಕ್ಕಟ್ಟಿನ ಘಾಟಿಯಲ್ಲಿ ಹತ್ತುವ ಗಾಡಿಗೆ ಮೊದಲು ದಾರಿ ಬಿಡಬೇಕು ಅಂತ 2017ರ ಡ್ರೈವಿಂಗ್ ನಿಯಮದಲ್ಲೇ ಇದೆ. ಹಕ್ಕು ಅವರದ್ದು, ಕಾದವರೂ ಅವರೇ. ಅವರು ಕಾಯದೆ ಬಂದಿದ್ದರೆ ಭಾವ ಎಡಕ್ಕೆ ಎಳೆಯುತ್ತಿದ್ದರು. ಎಡಕ್ಕೆ ರಿಬ್ಬನ್.

"ಬ್ರೇಕ್ ವಾಸನೆ ಇಲ್ಲಿವರೆಗೆ ಬರ್ತಾ ಉಂಟು. ಯಾವ ಗೇರಲ್ಲಿ ಹತ್ತಬೇಕೋ ಅದೇ ಗೇರಲ್ಲಿ ಇಳೀಬೇಕು. ಈಗ ಅರ್ಧ ಗಂಟೆ ನಿಲ್ಲಿ. ನೀರು ಗೀರು ಹೊಯ್ಯಬೇಡಿ." ಇಷ್ಟು ಹೇಳಿ, ಬಸ್ಸು ಸ್ವಲ್ಪ ಹಿಂದೆ ತೆಗೆದು, ನಮ್ಮನ್ನು ಅಂಚಿನಿಂದ ಈಚೆ ಬರಲು ಬಿಟ್ಟು ಹೋದರು. ದೊಡ್ಡ ಬಸ್ಸು ತಿರುಗದ ಆ ರಸ್ತೆಯಲ್ಲಿ ದಿನಾ ಜನರನ್ನು ಹತ್ತಿಸಿ ಇಳಿಸುವ ಇಂಥವರಿಗೆ ನಾವು ಒಂದು ಥ್ಯಾಂಕ್ಸ್ ಕೂಡ ಸರಿಯಾಗಿ ಹೇಳುವುದಿಲ್ಲ. ನಾನೂ ಹೇಳಲಿಲ್ಲ. ಗಂಟಲು ಒಣಗಿತ್ತು.

ಸೋಮವಾರ ಮೆಕ್ಯಾನಿಕ್ ಬಿಡಿಸಿ ಹೇಳಿದ. ನ್ಯೂಟ್ರಲ್ ಮಾಡಿ ಬರೀ ಬ್ರೇಕಿನ ಮೇಲೆ ಇಳಿದರೆ ಬ್ರೇಕ್ ಪ್ಯಾಡ್ ಕಾದು ಹಿಡಿತ ಬಿಡುತ್ತದೆ. ಜಾಸ್ತಿ ಕಾದರೆ ಬ್ರೇಕ್ ಆಯಿಲ್ ಕುದಿದು ಗುಳ್ಳೆ ಏಳುತ್ತದೆ. ಆಮೇಲೆ ಪೆಡಲ್ ಒತ್ತಿದರೆ ಅಮುಕುವುದು ಆ ಗುಳ್ಳೆಯನ್ನು, ಬ್ರೇಕನ್ನಲ್ಲ. ಇನ್ನೊಂದು ಮಾತು ಕೇಳಿ ಭಾವ ಸುಮ್ಮನಾದರು. ಈಗಿನ ಕಾರುಗಳಲ್ಲಿ ಗೇರಿನಲ್ಲೇ ಆಕ್ಸಿಲರೇಟರ್ ಬಿಟ್ಟು ಇಳಿದರೆ ಇಂಜಿನ್ನಿಗೆ ಪೆಟ್ರೋಲ್ ಹೋಗುವುದೇ ನಿಲ್ಲುತ್ತದೆ. ನ್ಯೂಟ್ರಲ್ಲಿನಲ್ಲಾದರೆ ಇಂಜಿನ್ ಓಡುತ್ತಿರಲು ಪೆಟ್ರೋಲ್ ಕುಡಿಯುತ್ತಲೇ ಇರುತ್ತದೆ. ಅಷ್ಟು ವರ್ಷ ಉಳಿಸಿದ್ದು ಏನೂ ಇಲ್ಲ.

ಭಾವನ ತಪ್ಪು ದೊಡ್ಡದೇ. ಆದರೆ ತಪ್ಪು ಮಾಡದ ಡ್ರೈವರ್ ಎಲ್ಲಿದ್ದಾನೆ? ತಡೆಗೋಡೆ ಇರುವುದೇ ಅಂಥ ಒಂದು ಗಳಿಗೆಗೆ ಅಲ್ವಾ? ಕಬ್ಬಿಣದ ಪಟ್ಟಿಯ ಬೇಲಿ ಗುದ್ದಿದ ಕಾರನ್ನು ತಾನು ಬಗ್ಗಿ, ಉಜ್ಜಿಸಿಕೊಂಡು, ರಸ್ತೆಗೇ ತಿರುಗಿಸುತ್ತದೆ. ಆದರೆ ಅದರ ಬಲ ಕಂಬದಲ್ಲಿದೆ, ಕಂಬದ ಬಲ ಹಿಂದಿನ ಮಣ್ಣಿನಲ್ಲಿದೆ. ವರ್ಷಕ್ಕೆ 7000 ಮಿಲಿಮೀಟರಿಗೂ ಜಾಸ್ತಿ ಮಳೆ ಸುರಿಯುವ ಆಗುಂಬೆಯಲ್ಲಿ ಆ ಮಣ್ಣು ನಿಲ್ಲಬೇಕಾದರೆ ಚರಂಡಿ ಸರಿ ಇರಬೇಕು, ಪ್ರತಿ ಮಳೆಗಾಲ ಯಾರಾದರೂ ಹೋಗಿ ನೋಡಬೇಕು.

ಯಾರೋ ಹೋಗಿ ನೋಡಿದ್ದಾರೆ. ಅದೇ ನನಗೆ ತಡೆಯಲಾಗದ್ದು. ಆ ರಿಬ್ಬನ್ ತಾನಾಗಿ ಬರಲಿಲ್ಲ. ಒಬ್ಬರು ಅಲ್ಲಿ ನಿಂತು, ಕೆಳಗೆ ಇಣುಕಿ, ಇಲ್ಲಿಂದ ಗಾಡಿ ಬಿದ್ದರೆ ಉಳಿಯುವುದಿಲ್ಲ ಅಂತ ಅರಿತುಕೊಂಡೇ ಕಟ್ಟಿದ್ದಾರೆ. ಬಣ್ಣ ಮಾಸಿತ್ತು. ಕಟ್ಟಿ ತುಂಬಾ ದಿನ ಆಗಿರಬೇಕು.

ಬುಧವಾರ ಫೋಟೋ ಸಮೇತ ಸಂಬಂಧಪಟ್ಟ ಕಚೇರಿಗೆ ಪತ್ರ ಬರೆದೆ. ಅಮ್ಮನೂ ಸಹಿ ಹಾಕಿದರು. ಬರುವ ಭಾನುವಾರ ಭಾವ ಮತ್ತೆ ತೀರ್ಥಹಳ್ಳಿಗೆ ಹೋಗುತ್ತಾರೆ. ನಿನ್ನೆ ಫೋನ್ ಮಾಡಿದ್ದರು. "ಸೆಕೆಂಡ್ ಗೇರಲ್ಲೇ ಇಳೀತೇನೆ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಆ ತಿರುವಲ್ಲಿ ಏನು ಕಟ್ಟಿದ್ದಾರೆ ಅಂತ ನೋಡಿ ಹೇಳ್ತೇನೆ" ಅಂದರು.