ಕಾಟು ಹಾಕಿದ ‘ಬೆಣ್ಣೆ’

ಶಿವಮೊಗ್ಗದ ಗದ್ದಲ ಮುಗಿದು ಅಡಿಕೆ ತೋಟ ಶುರುವಾಗುವ ಕಡೆ ಬಿಯರ್ ಮಾಡುವ ಒಂದು ಚಿಕ್ಕ ಬ್ರೂವರಿ ಇದೆ. ನಾನು ಅಲ್ಲಿ ಗುಣಮಟ್ಟ ನೋಡಿಕೊಳ್ಳುವವನು. ಯೀಸ್ಟ್ ಎಣಿಸುವುದು, ಹೈಡ್ರೋಮೀಟರ್ ಇಳಿಬಿಟ್ಟು ಅಂಕಿ ಬರೆದಿಡುವುದು, ಪೈಪು ತೊಳೆದದ್ದು ಸಾಕಾಯಿತೋ ಇಲ್ಲವೋ ನೋಡುವುದು, ಕೊನೆಗೆ ರುಚಿ ನೋಡಿ ‘ಬಿಡಬಹುದು’ ಎಂದು ಸಹಿ ಹಾಕುವುದು. ಶಂಕರಘಟ್ಟದಲ್ಲಿ ಮೈಕ್ರೋಬಯಾಲಜಿ ಓದುವಾಗ ಇಂಥದ್ದೊಂದು ಕೆಲಸ ಇದೆಯೆಂದೇ ಗೊತ್ತಿರಲಿಲ್ಲ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಇವತ್ತಿಗೂ ‘ಮಗ ಲ್ಯಾಬಿನಲ್ಲಿದ್ದಾನೆ’ ಅಂತಲೇ ಹೇಳುವುದು. ಸುಳ್ಳೇನಲ್ಲ.

ಆ ಸಹಿ ಒಂದು ಸಲ ಕೈಕೊಟ್ಟಿತು.

ಒಂದು ಮಳೆಗಾಲದ ಆರಂಭದಲ್ಲಿ ಬೆಂಗಳೂರಿನ ಒಬ್ಬ ಬ್ರೂವರ್ ನಮ್ಮಲ್ಲಿಗೆ ಬಂದರು. ಎರಡು ಬ್ರೂವರಿಗಳು ಸೇರಿ ಒಂದು ಬಿಯರ್ ಮಾಡಿ, ಇಬ್ಬರ ಹೆಸರಲ್ಲೂ ಮಾರುವ ಪದ್ಧತಿ ನಮ್ಮ ಕಸುಬಿನಲ್ಲಿದೆ, ‘ಕೊಲಾಬ್’ ಎನ್ನುತ್ತೇವೆ. ಅವರಿಗೆ ಹೆಸರಿತ್ತು, ನಮಗೆ ಖಾಲಿ ಟ್ಯಾಂಕ್ ಇತ್ತು. ಬಂದವರೇ ‘ಮಲೆನಾಡು ಅಂದ್ಮೇಲೆ ಕಾಫಿ ಹಾಕೋಣ’ ಎಂದರು. ಬೇಡ ಎಂದೆ. ‘ಹಾಗಾದ್ರೆ ಕಾಳುಮೆಣಸು?’ ಅದೂ ಬೇಡ ಎಂದೆ. ಮಲೆನಾಡಿನವರು ಏನು ಮಾಡಿದರೂ ಅದರಲ್ಲಿ ಮೆಣಸು ಕಾಣಬೇಕೆಂಬ ಹಟ ಘಟ್ಟದ ಕೆಳಗಿನವರಿಗೂ ಇಲ್ಲ, ಬೆಂಗಳೂರಿನವರಿಗೆ ಮಾತ್ರ ಇದೆ. ಕೊನೆಗೆ ಬರೀ ಹಾಪ್ ಮೇಲೆ ನಿಲ್ಲುವ ಒಂದು ಪೇಲ್ ಏಲ್ (ಬೆಚ್ಚಗೆ ಹುದುಗುವ ತಿಳಿಬಣ್ಣದ ಬಿಯರ್) ಎಂದು ತೀರ್ಮಾನವಾಯಿತು.

ಹಾಪ್ ಎಂದರೆ ಒಂದು ಬಳ್ಳಿಯ ಹೂವು. ಗಾಂಜಾ ಗಿಡದ ಕುಟುಂಬದ್ದೇ, ಆದರೆ ಆ ಗುಣವಿಲ್ಲ. ನಮ್ಮ ದೇಶದಲ್ಲಿ ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಒಂದಷ್ಟು ಬೆಳೆಯುತ್ತಾರೆ. ನಾವು ಬಳಸಿದ ಸಿಟ್ರಾ ಮತ್ತು ಮೊಸಾಯಿಕ್ ಅಮೆರಿಕದವು. ಹಾಪ್ ಅನ್ನು ಕುದಿಸಿದರೆ ಕಹಿ ಇಳಿಯುತ್ತದೆ, ಪರಿಮಳ ಹಬೆಯ ಜೊತೆ ಹೋಗಿಬಿಡುತ್ತದೆ. ಪರಿಮಳ ಉಳಿಯಬೇಕಾದರೆ ಬೇಯಿಸುವ ಗೊಡವೆಯೇ ಬೇಡ, ಹುದುಗು ಮುಗಿಯುತ್ತ ಬಂದಾಗ ಟ್ಯಾಂಕಿಗೆ ಹಾಗೇ ಸುರಿಯಬೇಕು. ಸಾರು ಇಳಿಸಿದ ಮೇಲೆ ಕೊತ್ತಂಬರಿ ಸೊಪ್ಪು ಹಾಕುವ ಹಾಗೆ. ಇದೇ ಡ್ರೈ ಹಾಪಿಂಗ್. ನಮ್ಮದು 500 ಲೀಟರಿನ ಟ್ಯಾಂಕ್, ಲೀಟರಿಗೆ 6 ಗ್ರಾಂ, ಒಟ್ಟು 3 ಕಿಲೋ. ಹಾಪ್ ಬೀಳುವ ಮೊದಲು ಹೈಡ್ರೋಮೀಟರ್ 1.012 ತೋರಿಸುತ್ತಿತ್ತು. ಅದು ಸಾಂದ್ರತೆಯ ಅಂಕಿ, ಯೀಸ್ಟ್ ಸಕ್ಕರೆ ತಿಂದಷ್ಟೂ ಇಳಿಯುತ್ತದೆ. ಹುದುಗು ಮುಗಿದಿದೆ ಎಂದು ಪುಸ್ತಕದಲ್ಲಿ ಬರೆದೆ.

ಮೂರನೇ ದಿನಕ್ಕೇ ಟ್ಯಾಂಕ್ ತಣ್ಣಗೆ ಮಾಡಿಸಿದೆವು. ಅತಿಥಿಗಳಿಗೆ ವಾಪಸ್ ಹೋಗುವ ರೈಲು ಇತ್ತು, ಅದಕ್ಕೆ ಮೊದಲು ಕೂತು ರುಚಿ ನೋಡಬೇಕಿತ್ತು. ಇಷ್ಟೇ ಕಾರಣ. ಬರೆಯುವಾಗ ನಾಚಿಕೆಯಾಗುತ್ತದೆ.

ಏಳು ಜನ ಕೂತೆವು. ಹೊರಗೆ ಮಳೆ ಹಂಚಿನ ಮೇಲೆ ಸುರಿಯುತ್ತಿತ್ತು. ಟ್ಯಾಂಕಿನಿಂದ ನೇರ ಗ್ಲಾಸಿಗೆ ಹಿಡಿದೆವು, 2 ಡಿಗ್ರಿ. ಮುಂದೆ 50 ಅಂಕದ ಚೀಟಿ: ಪರಿಮಳಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಲ್ಲಿ ಕೂರುವ ಬಗೆಗೆ 5, ಒಟ್ಟಾರೆ ಅಭಿಪ್ರಾಯಕ್ಕೆ 10. ಅಮೆರಿಕದ ಬಿಯರ್ ತೀರ್ಪುಗಾರರ ಮಂಡಳಿಯ ಲೆಕ್ಕ ಅದು, ಜಗತ್ತಿನ ಬಹಳ ಕಡೆ ನಡೆಯುತ್ತದೆ. ನಾವಿನ್ನೂ ಪೆನ್ನು ಹುಡುಕುತ್ತಿದ್ದೆವು, ಅತಿಥಿಗಳು ಗ್ಲಾಸಿಗೆ ಮೂಗಿಟ್ಟು ಕಣ್ಣು ಮುಚ್ಚಿ ‘ಆಹಾ... ಮಾವು! ಪಕ್ಕಾ ಮಾವು!’ ಎಂದರು.

ಅಲ್ಲಿಗೆ ಮುಗಿಯಿತು. ಏಳೂ ಚೀಟಿಯಲ್ಲಿ ಮಾವು. ಸರಾಸರಿ 41 ಅಂಕ. ಫೋಟೋ ತೆಗೆದುಕೊಂಡೆವು, ರೈಲು ಹತ್ತಿಸಿ ಬಂದೆವು. ಮಾರನೇ ದಿನ 14 ಕೆಗ್ (ಬಿಯರಿನ ಪೀಪಾಯಿ) ತುಂಬಿದೆವು.

ಆ ವಾರ ಮಳೆಗೆ ಮರ ಬಿದ್ದು ಲೈನು ಹರಿದು ಒಂದೂವರೆ ದಿನ ಕರೆಂಟ್ ಇರಲಿಲ್ಲ. ಜನರೇಟರ್ ಹುದುಗಿನ ಟ್ಯಾಂಕುಗಳಿಗೇ ಸಾಲದಾಗಿ ಕೆಗ್ ಇಟ್ಟ ಕೋಣೆ ಬೆಚ್ಚಗಾಯಿತು. ಶನಿವಾರ ಟ್ಯಾಪ್ ತೆರೆದರೆ ಬರೀ ನೊರೆ. ನೊರೆ ಇಳಿದ ಮೇಲೆ ಮೂಲೆ ಮೇಜಿನವರೊಬ್ಬರು ಕರೆದು, ‘ಎಂಥದ್ದು ಮಾರಾಯ್ರೆ ಇದು, ಬೇಕರಿ ಬೆಣ್ಣೆ ಬಿಸ್ಕೀಟ್ ಅದ್ದಿ ಕೊಟ್ಟ ಹಾಗಿದೆ’ ಎಂದರು. ಪಕ್ಕದ ಮೇಜಿನವರು ಚೆನ್ನಾಗಿದೆ ಎಂದು ಇನ್ನೊಂದು ತರಿಸಿಕೊಂಡರು ಅನ್ನುವುದನ್ನೂ ಹೇಳಬೇಕು. ಆದರೆ ನಾನು ಮೂಗಿಟ್ಟು ನೋಡಿದಾಗ ಮಾವು ಎಲ್ಲೋ ಹಿಂದೆ ಸರಿದಿತ್ತು. ಮುಂದೆ ಇದ್ದದ್ದು ಬೆಣ್ಣೆ ಕಾಸುವ ವಾಸನೆ.

ಸೋಮವಾರ ಲೆಕ್ಕದ ಭಟ್ರು ಕರೆದರು. ಭಟ್ರು ಕುಡಿಯುವವರಲ್ಲ, ಬ್ರೂವರಿಯ ಎಲ್ಲ ಕಾಗದ ಅವರ ಕಪಾಟಿನಲ್ಲಿ. ರುಚಿಯ ಚೀಟಿಗಳನ್ನೂ ಬಿಲ್ಲಿನ ಹಾಗೆ ದಾರ ಪೋಣಿಸಿ ಇಡುತ್ತಾರೆ. ಏಳು ಚೀಟಿಯನ್ನೂ ಮೇಜಿನ ಮೇಲೆ ಹರಡಿದ್ದರು.

‘ಇದೆಂತ ಇದು, ಕಾಟು ಹಾಕಿದ್ದು?’

ನನ್ನ ಚೀಟಿ. ‘ಮಾವು’ ಎಂಬುದರ ಕೆಳಗೆ ಒಂದು ಪದ ಬರೆದು ಗೀಟೆಳೆದಿದ್ದೆ. ಬೆಳಕಿಗೆ ಹಿಡಿದರೆ ಓದಬಹುದಿತ್ತು: ಬೆಣ್ಣೆ.

‘ಇಲ್ಲೂ ಒಂದುಂಟು ನೋಡಿ’ ಎಂದು ಇನ್ನೊಂದು ತೋರಿಸಿದರು. ನಮ್ಮ ಸೆಲ್ಲಾರಿನ ಹುಡುಗನದು. ‘ಪೇಡಾ?’ ಎಂದು ಬರೆದು ಅಳಿಸಿದ್ದ. ‘ಲೆಕ್ಕದಲ್ಲಿ ನಾವು ಮೊದಲು ನೋಡೋದೇ ಕಾಟು ಹಾಕಿದ್ದನ್ನ ಮಾರಾಯ್ರೆ. ಸರಿ ಇದ್ದದ್ದನ್ನ ಯಾರು ನೋಡ್ತಾರೆ?’

ನೆನಪಾಯಿತು. ಅವತ್ತು ಗ್ಲಾಸು ಅಂಗೈಯಲ್ಲಿ ಸ್ವಲ್ಪ ಬೆಚ್ಚಗಾದಾಗ ಆ ವಾಸನೆ ಒಂದು ಎಳೆ ಬಂದಿತ್ತು. ಬರೆದೆ. ತಲೆ ಎತ್ತಿ ನೋಡಿದರೆ ಎಲ್ಲರೂ ಮಾವು ಮಾವು ಎಂದು ತಲೆಯಾಡಿಸುತ್ತಿದ್ದಾರೆ. ಹದಿನೈದು ವರ್ಷ ಅನುಭವದ ಅತಿಥಿಗೆ ಕಾಣದ್ದು ನನಗೆಲ್ಲಿ ಕಾಣಬೇಕು ಅನ್ನಿಸಿತು. ಗೀಟೆಳೆದೆ. ಹುಡುಗ ನನ್ನ ಮುಖ ನೋಡಿ ಅಳಿಸಿರಬೇಕು. ಕೇಳಿದೆ. ‘ನೀವು ಏನೂ ಹೇಳ್ಲಿಲ್ಲಲ್ಲ ಸರ್’ ಎಂದ.

ಆದದ್ದು ಇಷ್ಟು. ಹಾಪ್ ಹೂವಿನಲ್ಲಿ ಪಿಷ್ಟ ಒಡೆಯುವ ಕಿಣ್ವಗಳು ಸ್ವಲ್ಪ ಇರುತ್ತವೆ. ಕುದಿಸಿದರೆ ಸಾಯುತ್ತವೆ, ಡ್ರೈ ಹಾಪಿಂಗ್‌ನಲ್ಲಿ ಕುದಿಸುವುದಿಲ್ಲವಲ್ಲ. ಯೀಸ್ಟ್ ತಿನ್ನಲಾರದೆ ಬಿಟ್ಟ ಪಿಷ್ಟದ ತುಣುಕುಗಳಾದ ಡೆಕ್ಸ್‌ಟ್ರಿನ್‌ಗಳನ್ನು ಅವು ಒಡೆದು ಸಕ್ಕರೆ ಮಾಡಿಕೊಡುತ್ತವೆ, ಮಲಗಿದ್ದ ಯೀಸ್ಟ್ ಎದ್ದು ಮತ್ತೆ ತಿನ್ನಲು ಶುರುಮಾಡುತ್ತದೆ. ಇದಕ್ಕೆ ಈಗ ‘ಹಾಪ್ ಕ್ರೀಪ್’ ಎನ್ನುತ್ತಾರೆ. ಹೊಸ ಸಂಶೋಧನೆ ಅಂದುಕೊಂಡಿದ್ದೆ. ಇಂಗ್ಲೆಂಡಿನಲ್ಲಿ ಬ್ರೌನ್ ಮತ್ತು ಮೋರಿಸ್ ಎಂಬಿಬ್ಬರು 1893ರಲ್ಲೇ ಬರೆದಿಟ್ಟಿದ್ದಾರೆ. ಹೀಗೆ ಎದ್ದ ಯೀಸ್ಟ್ ಅಸಿಟೋಲ್ಯಾಕ್ಟೇಟ್ ಎಂಬ ವಸ್ತುವನ್ನು ಹೊರಗೆ ಬಿಡುತ್ತದೆ. ಅದಕ್ಕೆ ವಾಸನೆಯಿಲ್ಲ. ನಿಧಾನಕ್ಕೆ ಅದು ಡೈಅಸಿಟೈಲ್ ಆಗುತ್ತದೆ, ಬೆಚ್ಚಗಿದ್ದರೆ ಬೇಗ ಆಗುತ್ತದೆ. ಬೆಣ್ಣೆಗೆ ಬೆಣ್ಣೆಯ ಪರಿಮಳ ಕೊಡುವುದು ಇದೇ. ಲೀಟರಿಗೆ ಸುಮಾರು 0.1 ಮಿಲಿಗ್ರಾಂ ಇದ್ದರೂ ತೆಳು ಬಿಯರಿನಲ್ಲಿ ಮೂಗಿಗೆ ಸಿಗುತ್ತದೆ. ಇನ್ನೆರಡು ಮೂರು ದಿನ ಬೆಚ್ಚಗೆ ಬಿಟ್ಟಿದ್ದರೆ ಯೀಸ್ಟೇ ಅದನ್ನು ವಾಪಸ್ ನುಂಗಿ ಮುಗಿಸುತ್ತಿತ್ತು. ನಾವು ತಣ್ಣಗೆ ಮಾಡಿ ಯೀಸ್ಟನ್ನು ತಳಕ್ಕೆ ಕೂರಿಸಿದೆವು. ಕೆಗ್ಗಿಗೆ ಹೋದದ್ದು ವಾಸನೆಯಿಲ್ಲದ ಕಚ್ಚಾಮಾಲು ಮತ್ತು ಅಳಿದುಳಿದ ಒಂದಿಷ್ಟು ಯೀಸ್ಟ್. ಕರೆಂಟ್ ಹೋದ ಒಂದೂವರೆ ದಿನದಲ್ಲಿ ಕಚ್ಚಾಮಾಲು ಬೆಣ್ಣೆಯಾಯಿತು, ಯೀಸ್ಟ್ ನೊರೆ ಮಾಡಿತು. ಕೆಗ್ ತೆಗೆದು ಅಳೆದರೆ 1.009. ಮೂರು ಅಂಕಿ ಇಳಿದಿತ್ತು. ಪುಸ್ತಕದಲ್ಲಿ ‘ಮುಗಿದಿದೆ’ ಎಂದು ನಾನೇ ಬರೆದಿದ್ದೆ.

ಇದನ್ನು ಮೊದಲೇ ಹಿಡಿಯುವ ಪರೀಕ್ಷೆಗೆ ಯಾವ ಯಂತ್ರವೂ ಬೇಡ. ಟ್ಯಾಂಕಿನಿಂದ ಎರಡು ಸೀಸೆ ತೆಗೆಯಿರಿ. ಒಂದನ್ನು ಮುಚ್ಚಿ 60ರಿಂದ 65 ಡಿಗ್ರಿ ನೀರಿನಲ್ಲಿ 20-30 ನಿಮಿಷ ಇಟ್ಟು ತಣಿಸಿ. ಇನ್ನೊಂದು ಹಾಗೇ ಇರಲಿ. ಎರಡನ್ನೂ ಮೂಸಿ. ಬಿಸಿ ಮಾಡಿದ್ದರಲ್ಲಿ ಮಾತ್ರ ಬೆಣ್ಣೆ ಬಂದರೆ ಕಚ್ಚಾಮಾಲು ಇನ್ನೂ ಇದೆ, ಟ್ಯಾಂಕ್ ತಣಿಸಬೇಡಿ. ನನಗೆ ಈ ಪರೀಕ್ಷೆ ಗೊತ್ತಿತ್ತು. ತಣ್ಣಗೆ ಹುದುಗುವ ಬಿಯರಾದ ಲಾಗರ್‌ಗೆ ಮಾಡುತ್ತಿದ್ದೆ ಕೂಡ. ಏಲ್‌ಗೆ ಯಾಕೆ ಎಂದು ಬಿಟ್ಟಿದ್ದೆ.

ಉಳಿದ ಹತ್ತು ಕೆಗ್ ಚೆಲ್ಲಿದೆವು. ಯಜಮಾನರು ಒಂದು ಮಾತೂ ಆಡಲಿಲ್ಲ, ಬಂದು ನಿಂತು ನೋಡಿದರು. ಬೈದಿದ್ದರೆ ವಾಸಿಯಿತ್ತು.

ಆಮೇಲೆ ರುಚಿ ನೋಡುವ ಕ್ರಮ ಬದಲಾಯಿಸಿದೆ. ಗ್ಲಾಸು 10-12 ಡಿಗ್ರಿಗೆ ಬರುವ ತನಕ ಮೇಜಿನ ಮೇಲೆ ಕಾಯುತ್ತದೆ. ತಣ್ಣಗಿನ ಬಿಯರ್ ತಪ್ಪನ್ನೆಲ್ಲ ಮುಚ್ಚಿಡುತ್ತದೆ. ಎಲ್ಲರೂ ಬರೆದು ಚೀಟಿ ಮಗುಚುವ ತನಕ ಯಾರೂ ಬಾಯಿಬಿಡುವಂತಿಲ್ಲ, ‘ಆಹಾ’ ಕೂಡ ಇಲ್ಲ. ಓದುವಾಗ ಕೆಲಸಕ್ಕೆ ಹೊಸಬರದು ಮೊದಲು, ನನ್ನದು ಕೊನೆಗೆ. ಕಾಟು ಹಾಕಿದ್ದನ್ನೂ ಓದಬೇಕು. ಕೊನೆಯದು ಭಟ್ರ ನಿಯಮ.

ಇನ್ನೊಂದು ಬದಲಾವಣೆ ನಾನು ಯೋಚಿಸಿ ಮಾಡಿದ್ದಲ್ಲ, ತಾನಾಗಿ ಬಂತು. ಆ ಹುಡುಗ ‘ಪೇಡಾ’ ಎಂದು ಬರೆದು ಯಾಕೆ ಅಳಿಸಿದ? ಚೀಟಿಯ ಹಿಂದೆ ಅಚ್ಚಾಗಿದ್ದ ಇಂಗ್ಲಿಷ್ ಪಟ್ಟಿಯಲ್ಲಿ ಪೇಡಾ ಇರಲಿಲ್ಲ. 1970ರ ದಶಕದಲ್ಲಿ ಮೈಲ್ಗಾರ್ಡ್ ಎಂಬ ಡೆನ್ಮಾರ್ಕಿನ ವಿಜ್ಞಾನಿ ಬಿಯರಿನ ರುಚಿಗಳಿಗೆ ಒಂದು ಚಕ್ರ ಮಾಡಿದರು, ದೊಡ್ಡ ಕೆಲಸ, ಅದರಿಂದ ಹುಟ್ಟಿದ ಪಟ್ಟಿಗಳು ಎಲ್ಲ ಕಡೆ ಇವೆ. ಆದರೆ ನಮ್ಮ ಹುಡುಗರು ಗ್ರೇಪ್‌ಫ್ರೂಟ್ ತಿಂದವರಲ್ಲ, ಪೈನ್ ಕಾಡು ಕಂಡವರಲ್ಲ. ಬಿಸಿಲು ಬಿದ್ದು ಕೆಟ್ಟ ಬಿಯರಿಗೆ ‘ಸ್ಕಂಕ್’ ಎಂದು ಬರೆಯಬೇಕಂತೆ. ಆ ಪ್ರಾಣಿಯನ್ನು ಈ ಘಟ್ಟದಲ್ಲಿ ಯಾರು ನೋಡಿದ್ದಾರೆ?

ಒಂದು ಮಧ್ಯಾಹ್ನ ಎಲ್ಲರೂ ಕೂತು ನಮ್ಮದೇ ಪಟ್ಟಿ ಮಾಡಿದೆವು. ಗ್ರೇಪ್‌ಫ್ರೂಟ್ ಚಕ್ಕೋತಕ್ಕೆ ಹುಟ್ಟಿದ ಹಣ್ಣೇ, ಚಕ್ಕೋತ ಮತ್ತು ಕಿತ್ತಳೆಯ ಮಿಶ್ರತಳಿ; ಹಾಗಾಗಿ ಅಲ್ಲಿ ಚಕ್ಕೋತದ ಸಿಪ್ಪೆ. ಅದಕ್ಕಿಂತ ಖಾರವಾಗಿ ಮೂಗಿಗೆ ಹೊಡೆದರೆ ಕಂಚಿಕಾಯಿ ಸಿಪ್ಪೆ. ಪೈನ್ ಬದಲಿಗೆ ಧೂಪದ ಮರದ ಅಂಟು. ಹಳಸಿ ಗಾಳಿಯಾಡಿದ್ದಕ್ಕೆ ಮಳೆಗಾಲದಲ್ಲಿ ಒದ್ದೆಯಾದ ರಟ್ಟು. ಕೆಲವು ಹಾಪ್‌ಗಳಲ್ಲಿ ಬರುವ ಈರುಳ್ಳಿ-ಬೆಳ್ಳುಳ್ಳಿಗೆ ಈರುಳ್ಳಿ-ಬೆಳ್ಳುಳ್ಳಿ ಎಂದೇ. ‘ಮಾವು’ ಒಂದೇ ಪದದಲ್ಲಿ ನಿಲ್ಲಲಿಲ್ಲ: ಮಾವು ಅಂದರೆ ಯಾವುದು? ರಸಪುರಿಯೋ, ಕಾಟುಮಾವೋ, ಅಪ್ಪೆಮಿಡಿಯೋ? ಅಪ್ಪೆಮಿಡಿಯಾದರೆ ಹೋಳೋ, ಸೊನೆಯೋ? ಹಾಪ್ ಎಣ್ಣೆಯಲ್ಲಿ ದೊಡ್ಡ ಪಾಲು ಮಿರ್ಸೀನ್, ಮಾವಿನ ಸೊನೆಯಲ್ಲೂ ಅದಿದೆ. ತೊಟ್ಟು ಮುರಿದ ಮಿಡಿಯ ಸೊನೆ ಎಂದು ಬರೆದರೆ ನಮ್ಮಲ್ಲಿ ಆರು ಜನಕ್ಕೆ ಒಂದೇ ವಾಸನೆ ನೆನಪಾಗುತ್ತದೆ. ‘ಟ್ರಾಪಿಕಲ್’ ಎಂದರೆ ಆರು ಜನಕ್ಕೆ ಆರು.

ಇಂಗ್ಲಿಷ್ ಚೀಟಿ ಬಳಸುವಾಗ ನಮ್ಮವರು ಸದಾ ಎಡವುತ್ತಿದ್ದದ್ದು ‘ಬಿಟರ್’ ಅಂಕಣದಲ್ಲಿ. ಕಹಿ ಬೇರೆ, ಒಗರು ಬೇರೆ. ಕಹಿ ನಾಲಿಗೆಗೆ, ಒಗರು ಬಾಯಿಗೆಲ್ಲ. ಎಳೆ ಅಡಿಕೆ ಜಗಿದ ಮಗುವಿಗೂ ಇದು ಗೊತ್ತು. ಹಾಪ್ ಹೆಚ್ಚು ದಿನ ನೆನೆದರೆ ಹೂವಿನ ಪಾಲಿಫಿನಾಲ್ ಇಳಿದು ಒಗರು ಏರುತ್ತದೆ, ಕಹಿ ಅಷ್ಟಾಗಿ ಏರದಿದ್ದರೂ. ಕನ್ನಡದ ಚೀಟಿಯಲ್ಲಿ ಎರಡು ಅಂಕಣ ಮಾಡಿದ ಮೇಲೆ ‘ಇವತ್ತು ಚೊಗರು ನೆಕ್ಕಿದ ಹಾಗಿದೆ’ ಎಂದು ಒಬ್ಬ ಬರೆದ (ಚೊಗರು ಎಂದರೆ ಅಡಿಕೆ ಬೇಯಿಸಿದಾಗ ಇಳಿಯುವ ರಸ). ಹಾಪ್ ಎತ್ತಲು ಎರಡು ದಿನ ತಡವಾಗಿತ್ತು ಎಂದು ಪುಸ್ತಕ ನೋಡಿ ತಿಳಿಯಿತು.

ಮಳೆ ಕಳೆದ ಮೇಲೆ ಅದೇ ಏಲ್ ಮತ್ತೆ ಮಾಡಿದೆವು. ಈ ಸಲ ಹಾಪ್ ಬಿದ್ದ ಮೇಲೂ 18 ಡಿಗ್ರಿಯಲ್ಲೇ ಬಿಟ್ಟು, ಹೈಡ್ರೋಮೀಟರ್ ಮೂರು ದಿನ ಒಂದೇ ಕಡೆ ನಿಂತ ಮೇಲೆ, ಬಿಸಿನೀರಿನ ಪರೀಕ್ಷೆಯಲ್ಲಿ ಬೆಣ್ಣೆ ಬಾರದ ಮೇಲೆ ತಣಿಸಿದೆವು. ಯಜಮಾನರದ್ದು ಒಂದೇ ಬೇಡಿಕೆ: ಹಾಪ್ ದುಬಾರಿ, 6 ಗ್ರಾಂ ಯಾಕೆ, 4 ಸಾಲದೇ? ಒಂದೇ ಕುದಿಯ ರಸವನ್ನು ಎರಡು ಚಿಕ್ಕ ಟ್ಯಾಂಕಿಗೆ ಹಂಚಿ, ಒಂದಕ್ಕೆ ಲೀಟರಿಗೆ 6, ಇನ್ನೊಂದಕ್ಕೆ 4 ಹಾಕಿ ತ್ರಿಕೋನ ಪರೀಕ್ಷೆ ಇಟ್ಟೆ. ಒಬ್ಬೊಬ್ಬರ ಮುಂದೆ ಮೂರು ಗ್ಲಾಸು, ಎರಡರಲ್ಲಿ ಒಂದೇ ಬಿಯರ್, ಮೂರನೆಯದರಲ್ಲಿ ಬೇರೆ, ಬೇರೆಯದನ್ನು ಗುರುತಿಸಬೇಕು. ಸುಮ್ಮನೆ ಕೈ ತೋರಿಸಿದರೂ ಮೂವರಲ್ಲಿ ಒಬ್ಬನದು ಸರಿಯಾಗುತ್ತದೆ. ಆದ್ದರಿಂದ ಒಂಬತ್ತು ಜನರಲ್ಲಿ ಕನಿಷ್ಠ 6 ಮಂದಿ ಸರಿ ಹೇಳಿದರೆ ಮಾತ್ರ ವ್ಯತ್ಯಾಸ ಇದೆ ಎಂದು ಬರೆಯಬಹುದು.

ಗ್ಲಾಸಿಗೆ ಮೂರಂಕಿಯ ಗುಟ್ಟಿನ ಸಂಖ್ಯೆ ಅಂಟಿಸಿ, ಆರು ಬಗೆಯ ಜೋಡಣೆಯನ್ನೂ ಅದಲುಬದಲು ಮಾಡಿ ಸುರಿದವರು ಭಟ್ರು. ಕುಡಿಯದವರು, ಬಾಯಿಬಿಡದವರು, ಅವರಿಗಿಂತ ಬೇರೆ ಯಾರು ಬೇಕು. ನಾನೂ ಒಂಬತ್ತರಲ್ಲಿ ಒಬ್ಬನಾಗಿ ಕೂತೆ.

ಭಟ್ರು ಕನ್ನಡಕ ಏರಿಸಿ ಒಂದೊಂದೇ ಚೀಟಿಯನ್ನು ಪುಸ್ತಕದ ಜೊತೆ ತಾಳೆ ನೋಡಿ ಟಿಕ್ ಹಾಕಿದರು. ‘ಐದು.’

‘ಹಾಗಾದ್ರೆ ವ್ಯತ್ಯಾಸ ಇಲ್ಲ, ನಾಲ್ಕೇ ಗ್ರಾಂ’ ಎಂದು ಯಜಮಾನರು ಎದ್ದರು. ವ್ಯತ್ಯಾಸ ಸಿಗಲಿಲ್ಲ ಅನ್ನುವುದು ಬೇರೆ, ಇಲ್ಲ ಅನ್ನುವುದು ಬೇರೆ, ಒಂಬತ್ತೇ ಜನ ಕೂತದ್ದು, ಇನ್ನೊಂದು ಸಲ ಹೆಚ್ಚು ಜನರನ್ನು ಕೂರಿಸೋಣ ಎಂದು ನಾನು ಹಿಡಿದೆ. ಸರಿ ಹೇಳಿದ ಐವರು ಸುಮ್ಮನೆ ಕೈ ತೋರಿಸಿದವರಲ್ಲ, 6 ಗ್ರಾಂನದರಲ್ಲಿ ಸೊನೆ ಜೋರಾಗಿದೆ ಎಂದು ಕಾರಣವನ್ನೂ ಬರೆದಿದ್ದಾರೆ ಎಂದೆ.

‘ಆ ಐವರಲ್ಲಿ ನೀವಿದ್ದೀರ?’ ಎಂದು ಯಜಮಾನರು ಕೇಳಿದರು.

ನಾನು ಭಟ್ರ ಮುಖ ನೋಡಿದೆ. ಭಟ್ರು ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು. ಇರಲಿಲ್ಲ.