ಲಾ ಲತೀನಾದಲ್ಲಿ ಊಟಕ್ಕೆ ರಾತ್ರಿ ಹತ್ತು ಗಂಟೆ

ಮ್ಯಾಡ್ರಿಡ್‌ನ ಮೊದಲ ಸಂಜೆ ನಾವು ಹೊಟ್ಟೆ ಹಿಡಿದುಕೊಂಡು ಕಾದದ್ದೇ ಹೆಚ್ಚು. ಏಳೂವರೆಗೆ ಲಾ ಲತೀನಾ ಬಡಾವಣೆಗೆ ಬಂದರೆ ಬಾಗಿಲುಗಳೇನೋ ತೆರೆದಿದ್ದವು, ಒಲೆ ಮಾತ್ರ ಹೊತ್ತಿರಲಿಲ್ಲ. ಆ ಊರಿನಲ್ಲಿ ಮಧ್ಯಾಹ್ನದ ಊಟ ಎರಡರಿಂದ ನಾಲ್ಕು, ರಾತ್ರಿಯದು ಒಂಬತ್ತರ ಮೇಲೆ. ಎಂಟಕ್ಕೇ ಉಂಡು ಮಲಗುವ ಅಭ್ಯಾಸದವರು ಆರು ಗಂಟೆಗೆ ಏನಾದರೂ ಬಾಯಿಗೆ ಹಾಕಿಕೊಂಡು, ಒಂದು ನಿದ್ದೆ ತೆಗೆದು ಹೊರಡುವುದು ಒಳ್ಳೆಯದು.

ಮೆಟ್ರೊ ಐದನೇ ಮಾರ್ಗದಲ್ಲಿ ಲಾ ಲತೀನಾ ಎಂಬ ಹೆಸರಿನದೇ ನಿಲ್ದಾಣವಿದೆ. ರಾಣಿ ಇಸಾಬೆಲ್‌ಗೆ ಲ್ಯಾಟಿನ್ ಕಲಿಸಿದ ಬೆಯಾತ್ರಿಸ್ ಗಲಿಂದೊ ಎಂಬ ವಿದುಷಿಯ ಅಡ್ಡಹೆಸರು ಅದು. ಮೇಷ್ಟರ ಹೆಸರಿನ ಕೇರಿಯಲ್ಲಿ ಇಷ್ಟು ಮದ್ಯ ಹರಿಯುವುದು ತಮಾಷೆಯೇ! ನಿಲ್ದಾಣದಿಂದ ಐದು ನಿಮಿಷ ನಡೆದರೆ ಕಾವಾ ಬಾಹಾ ಬೀದಿ. ಹಿಂದೆ ಗಾಡಿಯವರು ಇಳಿದುಕೊಳ್ಳುತ್ತಿದ್ದ ಛತ್ರಗಳ ಬೀದಿಯಿದು. ಈಗ ಉದ್ದಕ್ಕೂ ಬಾರುಗಳು.

ಇಲ್ಲಿ ಒಂದೇ ಕಡೆ ಕುಳಿತು ಹೊಟ್ಟೆ ತುಂಬಿಸಿಕೊಳ್ಳುವುದು ದಡ್ಡತನ. ಒಂದು ಬಾರಿನಲ್ಲಿ ಕಟ್ಟೆಗೆ ಒರಗಿ ನಿಂತು ಒಂದು ತಿಂಡಿ, ಒಂದು ಲೋಟ; ಮುಂದಿನ ಬಾರಿನಲ್ಲಿ ಇನ್ನೊಂದು. ಸಣ್ಣ ಲೋಟದ ಬಿಯರ್ ಬೇಕಾದರೆ 'ಕಾನ್ಯಾ' ಎಂದರೆ ಸಾಕು. ಜೊತೆಗೆ ಒಂದಿಷ್ಟು ಆಲಿವ್ ಕಾಯಿ ಪುಕ್ಕಟೆ ಬಂದರೂ ಬರಬಹುದು. ಹೊರಗಿನ ಮೇಜಿಗೆ ಕೆಲವೆಡೆ ದರ ಹೆಚ್ಚು. ಬೆಲೆಪಟ್ಟಿ ನೋಡಿ ಕುಳಿತುಕೊಳ್ಳಿ.

ಸಸ್ಯಾಹಾರಿಗಳು ಮಾತ್ರ ಮೈಯೆಲ್ಲ ಕಣ್ಣಾಗಿರಬೇಕು. ನನ್ನ ಹೆಂಡತಿ ಮೊಟ್ಟೆ ತಿನ್ನುತ್ತಾಳೆ, ಅದರಾಚೆಗೆ ಇಲ್ಲ. 'ವೆಹೆತಾರಿಯಾನಾ' ಎಂದು ಹೇಳಿಯೇ ತರಿಸಿದ ಸಲಾಡ್‌ನ ಮೇಲೆ ಟ್ಯೂನಾ ಮೀನು ಕುಳಿತಿತ್ತು. ತಂದವನಿಗೆ ಅದರಲ್ಲಿ ತಪ್ಪೇ ಕಾಣಲಿಲ್ಲ, ಮಾಂಸ ಇಲ್ಲವಲ್ಲ! ಮರುದಿನದಿಂದ 'ಸಿನ್ ಹಾಮೋನ್, ಸಿನ್ ಪೆಸ್ಕಾದೊ' ಎಂದು ಬಿಡಿಸಿ ಹೇಳತೊಡಗಿದೆವು: ಹಂದಿತೊಡೆ ಬೇಡ, ಮೀನು ಬೇಡ. ಬೋಂಡದಂತೆ ಕಾಣುವ ಕ್ರೊಕೇತಾದೊಳಗೆ ಹೆಚ್ಚಾಗಿ ಹಾಮೋನ್ ಇರುತ್ತದೆ. ತಣ್ಣನೆಯ ಟೊಮೆಟೊ ಗಂಜಿಯಂಥ ಸಾಲ್ಮೊರೇಹೊ ಮೇಲೂ ಅದನ್ನೇ ಉದುರಿಸುತ್ತಾರೆ. ಎಣ್ಣೆಯ ವಿಷಯದಲ್ಲಿ ಮಡಿ ಪಾಲಿಸುವವರು ಕರಿದದ್ದರ ತಂಟೆಗೇ ಹೋಗಬೇಡಿ.

ನಮ್ಮ ಕೈಹಿಡಿದದ್ದು ತೋರ್ತಿಯಾ. ಆಲೂಗಡ್ಡೆ, ಮೊಟ್ಟೆ, ಈರುಳ್ಳಿ ಸೇರಿಸಿ ಮೂರು ಬೆರಳು ದಪ್ಪಕ್ಕೆ ಬೇಯಿಸಿದ ಬಿಲ್ಲೆ. ಕತ್ತರಿಸಿದರೆ ನಡುವಿನ ಹಳದಿ ಇನ್ನೂ ಸ್ವಲ್ಪ ಹರಿಯುತ್ತದೆ. ಬೆಂದಿಲ್ಲವೆಂದು ವಾಪಸು ಕೊಡಬೇಡಿ, ಅದೇ ಅದರ ಹದ. ಇನ್ನೊಂದು, ಪದ್ರೋನ್ ಮೆಣಸಿನಕಾಯಿ: ಎಣ್ಣೆಯಲ್ಲಿ ಬಾಡಿಸಿ, ಹರಳುಪ್ಪು ಚೆಲ್ಲಿ ತಟ್ಟೆ ತುಂಬ ಕೊಡುತ್ತಾರೆ. ಬಹುಪಾಲು ಸಪ್ಪೆ, ನಡುವೆ ಒಂದೆರಡು ಖಾರ. ಪಕ್ಕದ ಮೇಜಿನವನು ಅಂಥದ್ದೊಂದನ್ನು ಕಚ್ಚಿ ಕಣ್ಣಲ್ಲಿ ನೀರು ತಂದುಕೊಂಡ. ಬ್ಯಾಡಗಿ, ಗುಂಟೂರು ತಿಂದು ಬೆಳೆದ ನಮಗೆ ಯಾವುದು ಖಾರದ್ದೆಂದು ಹುಡುಕುವುದೇ ಕೆಲಸವಾಯಿತು. ಅನ್ನ, ಸಾರು ಬೇಕೇಬೇಕೆನ್ನಿಸಿದರೆ ಪಕ್ಕದ ಲಾವಾಪಿಯೆಸ್ ಕೇರಿಗೆ ನಡೆಯಿರಿ. ಬಾಂಗ್ಲಾದೇಶದವರು ನಡೆಸುವ ಭಾರತೀಯ ಹೋಟೆಲುಗಳಿವೆ. ಸಾರು ಸಿಗುವುದಿಲ್ಲ, ದಾಲ್ ಸಿಗುತ್ತದೆ.

ಒಂದೇ ದಿನ ಇದೆಯೆಂದರೆ ಭಾನುವಾರವನ್ನೇ ಆರಿಸಿಕೊಳ್ಳಿ. ಬೆಳಿಗ್ಗೆ ಒಂಬತ್ತರಿಂದ ಮೂರರವರೆಗೆ ರಾಸ್ತ್ರೊ ಎಂಬ ಬೀದಿಸಂತೆ. ಹಳೆಯ ಬೀಗ, ಒಡೆದ ಗಡಿಯಾರ, ಯಾರದೋ ಮದುವೆಯ ಫೋಟೊ, ಎಲ್ಲವೂ ಮಾರಾಟಕ್ಕೆ. ಜೇಬುಗಳ್ಳರಿಗೂ ಅದು ಸುಗ್ಗಿ. ಚೀಲ ಎದೆಯ ಮುಂದಿರಲಿ. ಮಧ್ಯಾಹ್ನವಾದಂತೆ ಆ ಜನವೆಲ್ಲ ಕಾವಾ ಬಾಹಾ ಕಡೆಗೆ ಹರಿದು ಬರುತ್ತದೆ. ಆ ಹೊತ್ತಿನ ಪಾನೀಯ ವೆರ್ಮುತ್: ನಲ್ಲಿಯಿಂದ ಹಿಡಿದ, ಕಷಾಯದ ಬಣ್ಣದ ವೈನ್, ಮಂಜುಗಡ್ಡೆ, ಕಿತ್ತಳೆಯ ಒಂದು ಹೋಳು. ಕುಡಿಯದವರು 'ಮೊಸ್ತೊ' ಕೇಳಲಿ, ಹುಳಿಯಿಸದ ದ್ರಾಕ್ಷಿ ರಸ ಬರುತ್ತದೆ.

ಮೆಟ್ರೊ ಸಾಮಾನ್ಯವಾಗಿ ರಾತ್ರಿ ಒಂದೂವರೆಗೆ ನಿಲ್ಲುತ್ತದೆ. ಆಮೇಲೆ ಸಿಬೇಲೆಸ್ ಚೌಕದಿಂದ 'ಗೂಬೆ' ಎಂದು ಕರೆಯುವ ರಾತ್ರಿ ಬಸ್ಸುಗಳಿವೆ. ಆಗಸ್ಟ್‌ನಲ್ಲಿ ಅನೇಕ ಅಂಗಡಿಗಳು ರಜೆ ಹಾಕುತ್ತವೆ, ಆದರೆ 15ರ ಆಸುಪಾಸಿನಲ್ಲಿ ಹೋದರೆ ಪಾಲೋಮಾ ಜಾತ್ರೆ ಸಿಗುತ್ತದೆ.

ಇದೇ ಕೇರಿಯಲ್ಲಿ ಉಳಿಯುವುದಾದರೆ ಕೋಣೆ ಕಾಯ್ದಿರಿಸುವಾಗ 'ಇಂತೀರಿಯೋರ್', ಅಂದರೆ ಒಳ ಅಂಗಳದ ಕಡೆಯದು ಎಂದು ಕೇಳಿ. ಬೀದಿ ಕಾಣಲೆಂದು ನಾವು ಬಾಲ್ಕನಿಯದನ್ನು ಹಿಡಿದೆವು. ಎರಡೂವರೆಯವರೆಗೆ ಜನರ ನಗು, ಆಮೇಲೆ ಖಾಲಿ ಶೀಸೆಗಳನ್ನು ಡಬ್ಬಕ್ಕೆ ಸುರಿಯುವ ಸದ್ದು, ಅದು ಮುಗಿಯಿತೆನ್ನುವಾಗ ಬೀದಿ ತೊಳೆಯುವ ಗಾಡಿ.